ಮಗಳಿಗೊಂದು ಪತ್ರ: ತಪ್ಪು ಎಲ್ಲಿದೆ ಹುಡುಕು

ಪುಟ್ಟಿ,

ಅಕ್ಕನ ಬಾಣಂತನಕ್ಕೆ ಅಂತ ನೆದರ್‌ಲ್ಯಾಂಡ್ಸ್‌ನ ಡೆಲ್ಫ್ಟ್‌ಗೆ ಬಂದವಳು ನಿನ್ನೆ ಮೊದಲ ಸಲ ಮನೆಯಿಂದ ಆಚೆ ಬಿದ್ದೆ. "ಮಗೂನ ನಾನು ನೋಡ್ಕೋತೀನಿ, ನೀನು ಸುಮ್ನೆ ಹೋಗಿ ಬಾಮ್ಮಾ" ಅಂತ ಅವಳೇ ತಳ್ಳಿದಳು. ಭಾವ ಟ್ರಾಮ್ ಹತ್ತಿಸಿ ಹೇಗ್ ನಗರಕ್ಕೆ ಕರೆದುಕೊಂಡು ಹೋದರು. ಅಲ್ಲಿ ಹಿಂದೆ ರಾಜಮಾತೆ ಎಮ್ಮಾ ಚಳಿಗಾಲದಲ್ಲಿ ಇರುತ್ತಿದ್ದ ಅರಮನೆ ಇದೆ. 2002ರಿಂದ ಅದು ಎಶರ್ ಅನ್ನುವ ಚಿತ್ರಕಾರನ ಮ್ಯೂಸಿಯಂ.

'ಹಗಲು ಮತ್ತು ರಾತ್ರಿ' ಅಂತ 1938ರ ಒಂದು ಮರದಚ್ಚಿನ ಚಿತ್ರ. ಕೆಳಗೆ ಹೊಲಗಳು. ಕಣ್ಣು ಮೇಲೆ ಹೋದ ಹಾಗೆ ಹೊಲದ ಪಟ್ಟೆಗಳೇ ಹಕ್ಕಿಗಳಾಗಿ ಎದ್ದುಬಿಡುತ್ತವೆ. ಬಿಳಿಯವು ಬಲಕ್ಕೆ, ಕರಿಯವು ಎಡಕ್ಕೆ. ಬಿಳಿ ಹಕ್ಕಿಗಳ ನಡುವಿನ ಸಂದು ಇದೆಯಲ್ಲ, ಅದೇ ಕರಿ ಹಕ್ಕಿ! ಇಷ್ಟು ವರ್ಷ ಬಾಗಿಲಿಗೆ ರಂಗೋಲಿ ಹಾಕಿದ್ದೇನೆ. ಎಳೆ ನೋಡಿದ್ದೇ ಹೊರತು ಎಳೆಗಳ ಮಧ್ಯೆ ಉಳಿಯುವ ನೆಲವನ್ನು ನೋಡಿರಲೇ ಇಲ್ಲ. ಎಶರ್‌ಗೆ ಇದರ ಹುಚ್ಚು ಹತ್ತಿಸಿದ್ದು ಸ್ಪೇನ್‌ನ ಅಲ್ಹಾಂಬ್ರಾ ಅರಮನೆಯ ಗೋಡೆಗಳಂತೆ. 1936ರಲ್ಲಿ ಗಂಡ ಹೆಂಡತಿ ಇಬ್ಬರೂ ಅಲ್ಲಿ ಕೂತು ಆ ವಿನ್ಯಾಸಗಳನ್ನೆಲ್ಲ ಬರೆದುಕೊಂಡರಂತೆ.

ನನ್ನ ಕಾಲು ಕಿತ್ತು ಬಾರದೇ ಹೋದದ್ದು 'ಜಲಪಾತ' ಅನ್ನುವ ಇನ್ನೊಂದು ಚಿತ್ರದ ಮುಂದೆ. ನೀರು ಚಕ್ರದ ಮೇಲೆ ಬೀಳುತ್ತದೆ, ಕಾಲುವೆಯಲ್ಲಿ ಅಂಕುಡೊಂಕಾಗಿ ಹರಿಯುತ್ತದೆ, ಹರಿದು ಹರಿದು ಮತ್ತೆ ಎಲ್ಲಿಂದ ಬಿತ್ತೋ ಅಲ್ಲಿಗೇ ಬಂದು ನಿಲ್ಲುತ್ತದೆ. ಗಾಳಿಯಲ್ಲಿ ಬೆರಳಾಡಿಸುತ್ತಾ ನಾಲ್ಕು ಸಲ ಹಿಂಬಾಲಿಸಿದೆ. ಅಂಗಡಿ ಲೆಕ್ಕ ತಾಳೆಯಾಗದಿದ್ದರೆ ನಾನು ರಾತ್ರಿ ಹನ್ನೊಂದರವರೆಗೆ ಕೂರುತ್ತಿದ್ದೆನಲ್ಲ, ಅದೇ ಹಟ. ಅಲ್ಲಾದರೆ ಕೊನೆಗೆ ಒಂದು ಸಾಲಿನಲ್ಲಿ ತಪ್ಪು ಸಿಕ್ಕೇ ಸಿಗುತ್ತಿತ್ತು. ಇಲ್ಲಿ ಪ್ರತಿ ಕಂಬ ಸರಿ, ಪ್ರತಿ ತಿರುವು ಸರಿ, ಒಟ್ಟು ಮಾತ್ರ ತಾಳೆಯಾಗುವುದಿಲ್ಲ. ತಪ್ಪು ಯಾವ ಮೂಲೆಯಲ್ಲೂ ಇಲ್ಲ ಕಣೇ.

ಇದರ ಹಿಂದಿನ ಕಥೆ ಭಾವ ಹೇಳಿದರು. 1954ರಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಗಣಿತದವರ ದೊಡ್ಡ ಸಮ್ಮೇಳನ ನಡೆದಾಗ ಎಶರ್ ಚಿತ್ರಗಳ ಪ್ರದರ್ಶನವೂ ಇತ್ತು. ಅದನ್ನು ನೋಡಿ ಬೆರಗಾದವರಲ್ಲಿ ರೋಜರ್ ಪೆನ್ರೋಸ್ ಒಬ್ಬರು, 2020ರಲ್ಲಿ ನೊಬೆಲ್ ಬಂತಲ್ಲ, ಅವರೇ. ಊರಿಗೆ ಹೋಗಿ ಅಪ್ಪನ ಜೊತೆ ಸೇರಿ, ಕಟ್ಟಲು ಆಗದ ತ್ರಿಕೋನ, ಮುಗಿಯದ ಮೆಟ್ಟಿಲು ಎಲ್ಲ ಬರೆದರು. 1958ರಲ್ಲಿ ಅದು ಅಚ್ಚಾಯಿತು. ಆ ತ್ರಿಕೋನ ನೋಡಿ ಎಶರ್ 1961ರಲ್ಲಿ ಈ ಜಲಪಾತ ಮಾಡಿದ. ಒಂದಲ್ಲ, ಮೂರು ತ್ರಿಕೋನ ಇದರೊಳಗೆ ಅಡಗಿವೆ. ಇಷ್ಟಕ್ಕೂ ಸ್ಕೂಲಿನಲ್ಲಿ ಎಶರ್‌ಗೆ ಗಣಿತ ಅಷ್ಟಕ್ಕಷ್ಟೇ! (ನಿನಗೆ ಹೇಳಬಾರದಿತ್ತು, ಇದನ್ನೇ ನೆಪ ಮಾಡಿಕೊಳ್ಳುತ್ತೀಯ.)

ಇನ್ನೊಂದು. ಅದೇ ಚಿತ್ರದಲ್ಲಿ ಎಡಗಡೆ ಕೆಳಗೆ ಒಬ್ಬಳು ಬಟ್ಟೆ ಒಣಹಾಕುತ್ತಿದ್ದಾಳೆ. ತಲೆ ಮೇಲೆ ನೀರು ಹತ್ತಬಾರದ ಕಡೆ ಹತ್ತುತ್ತಿದೆ, ಇವಳಿಗೆ ಅದರ ಗೊಡವೆಯೇ ಇಲ್ಲ. ನನಗೆ ನಗು ಬಂತು.

ಅದರದ್ದೇ ಒಂದು ಕಾರ್ಡ್ ನಿನ್ನ ಹಾಸ್ಟೆಲ್ ವಿಳಾಸಕ್ಕೆ ಹಾಕಿದ್ದೇನೆ. ಒಂದು ಮೂಲೆ ಮಾತ್ರ ಕಾಣುವ ಹಾಗೆ ಉಳಿದದ್ದನ್ನು ಕಾಗದದಿಂದ ಮುಚ್ಚಿ ನೋಡು, ಆಮೇಲೆ ಸ್ವಲ್ಪ ಸ್ವಲ್ಪವೇ ಸರಿಸು. ಎಲ್ಲಿ ಕೈಕೊಡುತ್ತದೆ ಅಂತ ಬರಿ.

ಮಗು ಎದ್ದಿತು, ಎಣ್ಣೆ ಬಿಸಿಗೆ ಇಡಬೇಕು.

ನಿನ್ನ ಅಮ್ಮ