ಮರಿ ಬಿಟ್ಟರಷ್ಟೇ ಸಾಲದು, ಮೊಟ್ಟೆಯೂ ಉಳಿಯಬೇಕು

ಮಾನ್ಯ ಸಂಪಾದಕರೇ,

ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಕಡಿಮೆಯಾಯಿತು ಎಂದಾಗಲೆಲ್ಲ ‘ಇನ್ನಷ್ಟು ಮರಿ ಬಿಡಿ’ ಎಂಬ ಕೂಗು ಏಳುತ್ತದೆ. ಮೊಟ್ಟೆಯ ಗತಿ ಏನಾಯಿತೆಂದು ಕೇಳುವವರಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನ ಹೊಸ ನೀರು ಬಂದಾಗ ಹೊಳೆಯಲ್ಲಿ ಎದುರು ಈಜಿ, ದಂಡೆ ಮೀರಿ ಹರಡಿದ ಆಳವಿಲ್ಲದ ನೀರಿನಲ್ಲಿ ಇಡುತ್ತವೆ. ರೋಹುವಿನ ಒಂದು ಕಿಲೋ ತೂಕಕ್ಕೆ ಸುಮಾರು 2 ಲಕ್ಷ ಮೊಟ್ಟೆ. ಅವು ಅಂಟುವುದಿಲ್ಲ, ನೀರು ಹೀರಿ ನೆನೆದ ಸಾಬೂದಾನಿಯಂತೆ ಉಬ್ಬಿ ಹರಿವಿನೊಂದಿಗೆ ಸಾಗುತ್ತವೆ. 27–28 ಡಿಗ್ರಿ ಉಷ್ಣತೆಯಲ್ಲಿ 14ರಿಂದ 18 ಗಂಟೆಯೊಳಗೆ ಒಡೆಯುತ್ತವೆ. ಆಮೇಲೂ ಎರಡು-ಮೂರು ದಿನ ಮರಿಗೆ ಸರಿಯಾಗಿ ಈಜಲು ಬಾರದು. ಸಣ್ಣ ಮೀನು, ಜಲಕೀಟ, ಹೊರದೇಶದಿಂದ ಬಂದ ತಿಲಾಪಿಯಾ ಮೀನುಗಳಿಗೆ ಅದೇ ಸುಗ್ಗಿ. ತಿಲಾಪಿಯಾ ತನ್ನ ಮೊಟ್ಟೆಯನ್ನು ಮಾತ್ರ ಬಾಯಲ್ಲೇ ಇಟ್ಟು ಕಾಯುತ್ತದೆ!

ತಾಯಿಮೀನು ಹೇರಳವಾಗಿದ್ದರೆ ಇದು ದೊಡ್ಡ ನಷ್ಟವಲ್ಲ. 10 ಲಕ್ಷ ಮೊಟ್ಟೆಯಲ್ಲಿ 3 ಲಕ್ಷ ಹೋದರೂ 7 ಲಕ್ಷ ಉಳಿಯಿತು ಎಂದಿಟ್ಟುಕೊಳ್ಳಿ. ತಾಯಿಮೀನು ಕುಗ್ಗಿ ಮೊಟ್ಟೆ 4 ಲಕ್ಷಕ್ಕೆ ಇಳಿದರೂ ತಿನ್ನುವ ಬಾಯಿಗಳು ಅಷ್ಟೇ ಇರುತ್ತವೆ. ಆಗ ಉಳಿಯುವುದು 1 ಲಕ್ಷ. ಉತ್ತರ ಯುರೋಪಿನ ಬಾಲ್ಟಿಕ್ ಸಮುದ್ರದ ಪೂರ್ವಭಾಗದಲ್ಲಿ 2019ರಿಂದ ಕಾಡ್ ಮೀನು ಹಿಡಿಯುವುದಕ್ಕೆ ತಡೆಯಿದ್ದರೂ ಅದು ಚೇತರಿಸಿಕೊಂಡಿಲ್ಲ. ಅಲ್ಲಿ ಆಮ್ಲಜನಕದ ಕೊರತೆಯೂ ದೊಡ್ಡ ಕಾರಣ, ನಿಜ. ಆದರೆ ಕಾಡ್ ಹಿಂದೆ ತಿನ್ನುತ್ತಿದ್ದ ಸ್ಪ್ರಾಟ್ ಎಂಬ ಸಣ್ಣ ಮೀನೇ ಈಗ ಕಾಡ್ ಮೊಟ್ಟೆ ತಿನ್ನುತ್ತಿದೆ.

ಇಲ್ಲಿ ಮಾಡಬಹುದಾದದ್ದು ಇದೆ. ಮೇ ತಿಂಗಳಲ್ಲಿ ನೀರು ಇಳಿದಾಗ ಮೊಣಕಾಲುದ್ದ ನೀರಿನ ತಳದಲ್ಲಿ ತಿಲಾಪಿಯಾ ಮೊಟ್ಟೆಯಿಡಲು ತೋಡಿದ ತಟ್ಟೆಯಾಕಾರದ ಗುಂಡಿಗಳು ಕಣ್ಣಿಗೆ ಕಾಣುತ್ತವೆ. ತಿಲಾಪಿಯಾ ಹಿಡಿಯಲು ಆಗಲೇ ಎಳೆಬಲೆ ಹಾಕಬೇಕು. ಬಲೆಗೆ ಬಿದ್ದ ಹೆಣ್ಣು ಬಾಯಲ್ಲಿದ್ದುದನ್ನು ಉಗುಳಿಬಿಡುತ್ತದೆ, ಅದರಲ್ಲಿ ಬಲಿತ ಮರಿಗಳಿದ್ದರೆ ಬದುಕಿಕೊಳ್ಳುತ್ತವೆ. ಆದ್ದರಿಂದ ಬಲೆಯನ್ನು ಪೂರ್ತಿ ದಂಡೆಗೆ ಎಳೆದ ಮೇಲೆಯೇ ಮೀನು ಬಿಡಿಸಬೇಕು. ಹೊಸ ನೀರು ಬಂದ ಮೇಲೆ ಮಾತ್ರ ಹಳ್ಳ, ಹೊಳೆ ಹಿನ್ನೀರಿಗೆ ಸೇರುವ ಬಾಯಲ್ಲಿ ಯಾವ ಬಲೆಯೂ ಬೇಡ. ಸೊಳ್ಳೆಪರದೆಯ ಬಲೆಯಂತೂ ಬೇಡವೇ ಬೇಡ. ಕೆಂಪು ಮರಿಗಳ ಗುಂಪಿನ ಕೆಳಗೆ ಕಾವಲಿರುವ, ಹಾವಿನಂಥ ತಲೆಯ ಮರಲ್ ಮೀನನ್ನು ಹಿಡಿಯುವುದೂ ನಿಲ್ಲಬೇಕು. ಕಾವಲು ಹೋದರೆ ಆ ಗುಂಪು ಬೇರೆ ಮೀನಿನ ಪಾಲು.

ಇನ್ನು ಬಿಡುವ ಮರಿ 8–10 ಸೆಂ.ಮೀ. ಬೆಳೆದಿರಲಿ, ಲೆಕ್ಕದಲ್ಲಿ ಕಡಿಮೆಯಾದರೂ ಚಿಂತೆಯಿಲ್ಲ.

– ಮೀನು ಕೃಷಿಕರು, ಬಾಗಲಕೋಟೆ