ಕಾಯಿಲೋವರ್ ಕೊಳ್ಳುವ ಹುಡುಗರಿಗೆ, ಸಾರಿಗೆ ಕಚೇರಿಗೆ

ಸಂಪಾದಕರಿಗೆ ನಮಸ್ಕಾರ.

ಮಾಡಿಫೈ ಮಾಡಿದ ಕಾರುಗಳ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಕಿವಿ ಕಿತ್ತುಹೋಗುವಂಥ ಸೈಲೆನ್ಸರ್, ಎದುರಿನವರ ಕಣ್ಣು ಕುಕ್ಕುವ ಲೈಟು, ಇವುಗಳ ಬಗ್ಗೆ ಬರೆದಿದ್ದು ಸರಿಯಾಗಿದೆ. ಆದರೆ ಸಸ್ಪೆನ್ಷನ್, ಅಂದರೆ ಚಕ್ರದ ಮೇಲಿನ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬದಲಿಸಿದವರನ್ನೆಲ್ಲ ಅದೇ ಸಾಲಿಗೆ ಸೇರಿಸಿದ್ದು ನನಗೆ ಒಪ್ಪಿಗೆಯಾಗಲಿಲ್ಲ. ಕಲಬುರಗಿಯಲ್ಲಿ ಸಸ್ಪೆನ್ಷನ್, ವೀಲ್ ಅಲೈನ್‌ಮೆಂಟ್ ಕೆಲಸವೇ ನನ್ನ ಅನ್ನ. ಸ್ಪ್ರಿಂಗ್ ಕಟ್ ಮಾಡಿಸಿ ಕಾರು ನೆಲಕ್ಕೆ ತರುವವನೂ, ಲಕ್ಷದ ಆಸುಪಾಸು ಖರ್ಚು ಮಾಡಿ ಒಳ್ಳೆಯ ಕಾಯಿಲೋವರ್ (ಎತ್ತರ ಹೆಚ್ಚು ಕಡಿಮೆ ಮಾಡಬಹುದಾದ ಸ್ಪ್ರಿಂಗ್, ಶಾಕ್ ಸೇರಿದ ಸೆಟ್) ಹಾಕಿಸುವವನೂ ಒಂದೇ ಅಲ್ಲ.

ನಮ್ಮ ಊರಲ್ಲಿ ಇದರ ಹುಚ್ಚು ಇರುವುದು ಹೆಚ್ಚಾಗಿ ಜಪಾನಿ ಕಾರಿನವರಿಗೆ. 2006ರಲ್ಲಿ ಬಂದ ಹೋಂಡಾ ಸಿವಿಕ್, ಅದೇ ವರ್ಷ ಬಂದ ಮಿತ್ಸುಬಿಷಿ ಸೀಡಿಯಾ. ಹೊಸದಾಗಿ ಈಗ ಸಿಗುವುದಿಲ್ಲ. ಇದ್ದವರು ಮನೆಯ ಎತ್ತಿನಂತೆ ನೋಡಿಕೊಳ್ಳುತ್ತಾರೆ. ಸೀಡಿಯಾ ನಮ್ಮ ದೇಶದ ರ್‍ಯಾಲಿಗಳಲ್ಲಿ ಓಡಿದ ಗಟ್ಟಿ ಗಾಡಿ. ಸಿವಿಕ್ ಕಂಪನಿಯಿಂದ ಬರುವಾಗಲೇ ತಗ್ಗು. ನಾಲ್ಕು ಜನ ಕೂತರೆ ಹಂಪಿನ ಮೇಲೆ ಹೊಟ್ಟೆ ಉಜ್ಜುತ್ತದೆ. ಅಂಥ ಸಿವಿಕ್ ತಂದು ನಿಲ್ಲಿಸಿ, "ಕಾಕಾ, ಇನ್ನೂ ಎರಡು ಬೆರಳು ಇಳಿಸ್ರಿ" ಅನ್ನುತ್ತಾರೆ. ಟೈರಿಗೂ ಮೇಲಿನ ಕಮಾನಿಗೂ ನಡುವಿನ ಸಂದನ್ನು ಹುಡುಗರು ಬೆರಳಿನಲ್ಲೇ ಅಳೆಯುವುದು.

ತಮ್ಮಾ, ಕಾಯಿಲೋವರ್ ಇರುವುದು ಇಳಿಸುವುದಕ್ಕೆ ಮಾತ್ರ ಅಲ್ಲ. ಶಾಕ್ ಅಬ್ಸಾರ್ಬರ್ ಮೈಮೇಲೆ ತ್ರೆಡ್ ಇರುತ್ತದೆ. ಅದರ ಮೇಲಿನ ರಿಂಗ್ ತಿರುಗಿಸಿದರೆ ಕಾರು ಇಳಿಯುತ್ತದೆ, ಏರುತ್ತದೆ ಕೂಡ. ನಮ್ಮ ರಸ್ತೆಗೆ ಬೇಕಾಗಿರುವುದು ಶಾಕ್ ಒಳಗೆ ಹೋಗಿ ಬರುವ ಜಾಗ. ಆ ಜಾಗವನ್ನು ಚಂದಕ್ಕೆಂದು ತಿಂದುಬಿಟ್ಟರೆ ಸಣ್ಣ ಗುಂಡಿಗೂ ಶಾಕ್ ಪೂರ್ತಿ ಕುಗ್ಗಿ, ಕೊನೆಯಲ್ಲಿ ತಡೆಯುವ ರಬ್ಬರಿಗೆ (ಬಂಪ್ ಸ್ಟಾಪ್) ಬಡಿಯುತ್ತದೆ. ಆಗ ಬರುವ ಪೆಟ್ಟು ನೇರ ಕಾರಿನ ಮೈಗೆ, ಕೂತವರ ಸೊಂಟಕ್ಕೆ. ಆದ್ದರಿಂದ ಕೊಳ್ಳುವಾಗ ಸ್ಪ್ರಿಂಗ್ ಹತ್ತಿರ ಒಂದು ರಿಂಗ್, ಕೆಳಗಿನ ಬ್ರ್ಯಾಕೆಟ್ಟಿಗೆ ಇನ್ನೊಂದು ರಿಂಗ್ ಇರುವ ಸೆಟ್ ನೋಡಿ. ಎತ್ತರವನ್ನು ಕೆಳಗಿನ ಬ್ರ್ಯಾಕೆಟ್ಟಿನಲ್ಲಿ ಬದಲಿಸಿದರೆ ಶಾಕ್‌ನ ಓಡಾಟ ಕಡಿಮೆಯಾಗುವುದಿಲ್ಲ. ಒಂದೇ ರಿಂಗಿನ ಅಗ್ಗದ ಸೆಟ್‌ನಲ್ಲಿ ಇಳಿಸಿದಷ್ಟೂ ಆ ಓಡಾಟ ಕೈಬಿಟ್ಟು ಹೋಗುತ್ತದೆ.

ಎರಡನೆಯ ವಿಷಯ ಸ್ಪ್ರಿಂಗ್ ರೇಟ್, ಅಂದರೆ ಸ್ಪ್ರಿಂಗ್ ಎಷ್ಟು ಗಡುಸು ಅನ್ನುವ ಲೆಕ್ಕ. ಇದನ್ನು ಯಾರೂ ಕೇಳುವುದಿಲ್ಲ, ಬಣ್ಣ ಮಾತ್ರ ಕೇಳುತ್ತಾರೆ. 6 ಕೆಜಿ ಸ್ಪ್ರಿಂಗ್ ಎಂದರೆ 6 ಕೆಜಿ ಭಾರಕ್ಕೆ 1 ಮಿ.ಮೀ. ಕುಗ್ಗುತ್ತದೆ. 300 ಕೆಜಿ ಭಾರ ಬಿದ್ದರೆ 50 ಮಿ.ಮೀ. ಕುಗ್ಗಿತು. 12 ಕೆಜಿ ಸ್ಪ್ರಿಂಗ್ ಅಷ್ಟೇ ಭಾರಕ್ಕೆ 25 ಮಿ.ಮೀ. ಕುಗ್ಗುತ್ತದೆ. ನುಣುಪಾದ ರೇಸ್ ಟ್ರ್ಯಾಕಿನಲ್ಲಿ ಅದು ಚೆನ್ನ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳ ಹಿಂದೆ ಹೋಗುವವರಿಗೆ ಅದು ಶಿಕ್ಷೆ. ನಮ್ಮದು ಎರೆ ನೆಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಡಾಂಬರು ಅಲೆ ಅಲೆಯಾಗುತ್ತದೆ. ಇಂಥ ರಸ್ತೆಯಲ್ಲಿ ಗಡುಸು ಸ್ಪ್ರಿಂಗಿನ ಕಾರಿಗೆ ಟೈರು ನೆಲ ಬಿಟ್ಟು ಕುಣಿಯುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಮನೆಯವರನ್ನು ಕೂರಿಸಿಕೊಂಡು ಹುಮನಾಬಾದ್‌ಗೋ ಹೈದರಾಬಾದ್‌ಗೋ ಹೋಗುವವರು ಮೆತ್ತನೆಯ ಸ್ಪ್ರಿಂಗ್ ಸೆಟ್‌ ಅನ್ನೇ ಕೇಳಿ ತರಿಸಬೇಕು.

ಶಾಕ್‌ನ ಬಿಗಿತ ಹೆಚ್ಚು ಕಡಿಮೆ ಮಾಡುವ ತಿರುಪಿನ ಹಂತಗಳಿಗೆ ಕ್ಲಿಕ್ ಅನ್ನುತ್ತಾರೆ. ಆ ಕ್ಲಿಕ್‌ಗಳ ಸಂಖ್ಯೆಗೂ ಮರುಳಾಗಬೇಡಿ. ಜಪಾನಿನ ಟೈನ್ ಕಂಪನಿಯ ಸ್ಟ್ರೀಟ್ ಅಡ್ವಾನ್ಸ್ ಸೆಟ್‌ನಲ್ಲಿ 16 ಹಂತ, ತೈವಾನ್‌ನ ಬಿ.ಸಿ. ರೇಸಿಂಗ್ ಕಂಪನಿಯ ಬಿ.ಆರ್. ಸೆಟ್‌ನಲ್ಲಿ 30. ಹಂತ ಜಾಸ್ತಿ ಇದ್ದ ಮಾತ್ರಕ್ಕೆ ಶಾಕ್ ಒಳ್ಳೆಯದು ಅಂತಲ್ಲ. ಪೂರ್ತಿ ಸಡಿಲ ಬಿಟ್ಟು, ಎರಡೆರಡು ಕ್ಲಿಕ್ ಬಿಗಿ ಮಾಡುತ್ತಾ ಅದೇ ರಸ್ತೆಯಲ್ಲಿ ಓಡಿಸಿ ನೋಡಬೇಕು. ಕುಣಿತ ನಿಂತ ಕಡೆ ಬಿಟ್ಟುಬಿಡಿ.

ನನಗೆ ಹೆಚ್ಚು ಸಂಕಟವಾಗುವುದು ನಕಲಿ ಮಾಲು ಕಂಡಾಗ. ಹೊರಗೆ ಹೆಸರುವಾಸಿ ಕಂಪನಿಯ ಸ್ಟಿಕ್ಕರ್. ಒಳಗೆ ಎಣ್ಣೆ ಸೋರುವ ಶಾಕ್, ಮೊದಲ ಮಳೆಗೇ ತುಕ್ಕು ಹಿಡಿದು ಕಚ್ಚಿಕೊಂಡ ರಿಂಗ್. ಒಬ್ಬ ಹುಡುಗ ಕೂಡಿಟ್ಟ ದುಡ್ಡಿನಲ್ಲಿ ತರಿಸಿದ್ದ ಸೆಟ್ ಬಿಚ್ಚಿದಾಗ ಎಡ, ಬಲದ ಸ್ಪ್ರಿಂಗುಗಳೇ ಬೇರೆ ಬೇರೆ ಇದ್ದವು. ಮಾರಿದವನು ಫೋನ್ ಎತ್ತಲೇ ಇಲ್ಲ. ಬಿಲ್ಲೂ ಇರಲಿಲ್ಲ. ದುಡ್ಡು ಕೊಡುವ ಮೊದಲೇ ಜಿಎಸ್‌ಟಿ ಬಿಲ್, ಪಾರ್ಟ್ ನಂಬರ್, ನಿಮ್ಮ ಕಾರಿನ ಚಾಸಿಸ್ ಕೋಡಿಗೆ (ಯಾವ ಮಾದರಿ ಎಂದು ಗುರುತಿಸುವ ಸಂಕೇತ) ಹೊಂದುತ್ತದೆ ಎನ್ನುವ ಬರಹ ಇಷ್ಟನ್ನೂ ಕೇಳಿ. ಜಪಾನಿನ ಸಿವಿಕ್ ಬೇರೆ, ಇಲ್ಲಿನ ಸಿವಿಕ್ ಬೇರೆ ಇರಬಹುದು. ಒಂದು ಶಾಕ್ ಹೋದರೆ ಅದೊಂದೇ ಬಿಡಿಯಾಗಿ ಸಿಗುತ್ತದೆಯೇ, ಅಥವಾ ರಿಪೇರಿ ಆಗುತ್ತದೆಯೇ ಅಂತಲೂ ಕೇಳಿ. ಎರಡೂ ಇಲ್ಲದಿದ್ದರೆ ಬಿಟ್ಟುಬಿಡಿ.

ಹಾಕಿಸುವಾಗ ಹತ್ತಿರವೇ ನಿಂತು ನೋಡಿ. ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) ಇರುವ ಬೋಲ್ಟುಗಳ ಕೊನೆಯ ಬಿಗಿತ ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಆಗಬೇಕು. ಜಾಕ್ ಮೇಲಿದ್ದಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಆಮೇಲೆ ಅಲೈನ್‌ಮೆಂಟ್, ಹೆಡ್‌ಲೈಟಿನ ದಿಕ್ಕು ಎರಡೂ ಸರಿಮಾಡಿಸಬೇಕು. ಮಳೆಗಾಲದಲ್ಲಿ ತ್ರೆಡ್‌ಗೆ ಮೆತ್ತಿದ ಎರೆ ಮಣ್ಣನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ.

ಇನ್ನು ಕಾನೂನಿನ ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ (ಆರ್‌ಸಿ) ವಿವರಗಳು ತಯಾರಕರು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. ಆದರೆ ಆರ್‌ಸಿಯಲ್ಲಿ ಶಾಕ್ ಬಗ್ಗೆ, ಸ್ಪ್ರಿಂಗ್ ಬಗ್ಗೆ ಒಂದು ಅಕ್ಷರವೂ ಇರುವುದಿಲ್ಲ. ಹೀಗಾಗಿ ಒಬ್ಬರು ನಡೆಯುತ್ತದೆ ಅನ್ನುತ್ತಾರೆ, ಇನ್ನೊಬ್ಬರು ದಂಡ ಅನ್ನುತ್ತಾರೆ. ಕೇಳುವ ಗ್ರಾಹಕರಿಗೆ ನಾನು ಏನು ಹೇಳಲಿ? ಸದ್ಯಕ್ಕೆ ನಾನು ಹೇಳುವುದಿಷ್ಟು: ಹಾಕಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ವಿಮೆ ಕಂಪನಿಗೂ ತಿಳಿಸಿ.

ಕಲಬುರಗಿ, ಬೀದರ್, ಯಾದಗಿರಿಯ ಸಾರಿಗೆ ಕಚೇರಿಗಳು ಕನ್ನಡದಲ್ಲಿ ಒಂದು ಬೋರ್ಡ್ ಹಾಕಲಿ. ಯಾವ ಸಸ್ಪೆನ್ಷನ್ ಭಾಗ ಹಾಕಬಹುದು, ಎತ್ತರ ಎಷ್ಟರವರೆಗೆ ಬದಲಿಸಬಹುದು, ಯಾವುದಕ್ಕೆ ಮೊದಲೇ ಅನುಮತಿ ಬೇಕು ಅಂತ ಅದರಲ್ಲಿ ಬರೆಯಲಿ. ಸ್ಪ್ರಿಂಗ್ ಕಟ್ ಮಾಡಿದ ಕಾರು ಸಿಕ್ಕರೆ ಮುಲಾಜಿಲ್ಲದೆ ನಿಲ್ಲಿಸಲಿ. ನಿಮ್ಮ ವರದಿಗಾರರು ಈ ಪ್ರಶ್ನೆಯನ್ನು ಅಧಿಕಾರಿಗಳ ಮುಂದಿಟ್ಟು, ಬಂದ ಉತ್ತರವನ್ನು ಪತ್ರಿಕೆಯಲ್ಲಿ ಅಚ್ಚು ಮಾಡಬೇಕೆಂದು ಕೇಳಿಕೊಳ್ಳುತ್ತೇನೆ.

– ಒಬ್ಬ ಸಸ್ಪೆನ್ಷನ್ ಮೆಕ್ಯಾನಿಕ್, ಕಲಬುರಗಿ