ತಿರುಗಿ ಬರುವವರ ಹಾಡುಗಳು

ಹಿಹೋನ್, ಸ್ಪೇನ್
ನವೆಂಬರ್ 16

ಪ್ರೀತಿಯ ಅಮ್ಮನಿಗೆ,

ನಾನು ಇಲ್ಲಿ ಚೆನ್ನಾಗಿದ್ದೇನೆ. ನೀನು, ಅಪ್ಪ, ಅಜ್ಜಿ ಎಲ್ಲರೂ ಸೌಖ್ಯ ಅಂದುಕೊಂಡಿದ್ದೇನೆ. ಹಪ್ಪಳ ಬಂತು. ಇಷ್ಟು ದೂರ ಬಂದರೂ ಎರಡೇ ಎರಡು ಮುರಿದಿದ್ದವು.

ಭಾನುವಾರ ಫೋನ್ ಮಾಡಿದಾಗ ಇಲ್ಲಿ ಒಂದು ಹಾಡು ಹಾಕಿಕೊಂಡಿದ್ದೆ. "ಯಾರೇ ಅದು, ಅಷ್ಟು ಅಳ್ತಾ ಹಾಡೋದು?" ಅಂತ ನೀನು ಕೇಳಿದೆ. ಆಮೇಲೆ ಹೇಳ್ತೇನೆ ಅಂದಿದ್ದೆ. ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ, ಅದಕ್ಕೇ ಈ ಕಾಗದ.

ಹಾಡಿದವರು ಮೆಕ್ಸಿಕೋದ ವಿಸೆಂತೆ ಫೆರ್ನಾಂದೆಸ್. ಹಾಡಿನ ಹೆಸರು 'ವೊಲ್ವೆರ್, ವೊಲ್ವೆರ್'. 1972ರದ್ದು. ಬಹಳ ಹಿಂದೆಯೇ ಬಿಟ್ಟುಹೋದ ಪ್ರೇಯಸಿಯ ಹತ್ತಿರ ವಾಪಸ್ ಹೋಗಬೇಕು ಅಂತ ಒಬ್ಬ ಗಂಡಸು ಒದ್ದಾಡುತ್ತಾನೆ. ನೀನು ಹೇಳಿದ್ದೇ ಸರಿ, ನಾನು ಸೋತೆ ಅಂತ ಒಪ್ಪಿಕೊಳ್ಳುತ್ತಾನೆ. ಅವರು 'ವೊಲ್ವೆರ್' ಅಂತ ಎಳೆದಾಗ ಪಿಟೀಲು, ತುತ್ತೂರಿ ಎಲ್ಲ ಹಿಂದೆ ಸರಿದುಬಿಡುತ್ತವೆ. ಆ ಒಂದು ಪದಕ್ಕೇ ಅಷ್ಟು ಅಳು.

ಸ್ಪ್ಯಾನಿಷ್‌ನಲ್ಲಿ ವೊಲ್ವೆರ್ ಅಂದರೆ ವಾಪಸ್ ಬರುವುದು. ಇನ್ನೊಂದು ಕ್ರಿಯಾಪದದ ಜೊತೆ ಸೇರಿಸಿದರೆ 'ಮತ್ತೊಮ್ಮೆ ಮಾಡುವುದು' ಅಂತಲೂ ಆಗುತ್ತದೆ. ಮೂಲ ಲ್ಯಾಟಿನ್‌ನಲ್ಲಿ ಉರುಳುವುದು, ಸುತ್ತುವುದು. ಒಂದೇ ಪದಕ್ಕೆ ಇಷ್ಟೆಲ್ಲ ಹೇಗೆ ಅಂತ ಕ್ಲಾಸಿನಲ್ಲಿ ಉಳಿದವರು ತಲೆ ಕೆಡಿಸಿಕೊಂಡಿದ್ದರು. ನನಗೆ ಕಷ್ಟವೇ ಆಗಲಿಲ್ಲ ಅಮ್ಮ. ನಾವೂ 'ತಿರುಗಿ ಬಾ' ಅಂತೇವೆ, 'ತಿರುಗಿ ಹೇಳು' ಅಂತೇವೆ. ಚಕ್ರ ತಿರುಗುವುದೂ ಅದೇ ಪದ ಅಲ್ವಾ?

ಈ ಭಾಷೆಯವರಿಗೆ ಇಂಥ ಹಾಡುಗಳು ಜಾಸ್ತಿ ಇರುವುದಕ್ಕೆ ಕಾರಣ ಇದೆ. ನಾನಿರುವ ಅಸ್ತೂರಿಯಾಸ್ ಪ್ರಾಂತ್ಯದಿಂದ ಒಂದು ಕಾಲಕ್ಕೆ ಹುಡುಗರೆಲ್ಲ ಹಡಗು ಹತ್ತಿ ಕ್ಯೂಬಾ, ಮೆಕ್ಸಿಕೋ, ಅರ್ಜೆಂಟೀನಾಕ್ಕೆ ಹೋಗುತ್ತಿದ್ದರು. ದುಡ್ಡು ಮಾಡಿ ಬಂದವರು ದೊಡ್ಡ ಮನೆ ಕಟ್ಟಿ, ಅಂಗಳದಲ್ಲಿ ಒಂದು ತಾಳೆಮರ ನೆಡುತ್ತಿದ್ದರು. ಸದಾ ಮಳೆ, ಮಂಜು ಇರುವ ಈ ಊರಿನಲ್ಲಿ ತಾಳೆಮರ ಕಂಡರೆ ಅದು ಹೋಗಿ ಬಂದವರ ಮನೆ ಅಂತ ಗೊತ್ತಾಗುತ್ತದೆ. ಬಾರದೇ ಇದ್ದವರ ಮನೆಗೆ ಯಾವ ಗುರುತೂ ಇಲ್ಲ.

'ವೊಲ್ವೆರ್' ಅನ್ನುವ ಇನ್ನೊಂದು ಹಾಡೂ ಇದೆ, ಇದಕ್ಕಿಂತ ಹಳೆಯದು, ಅರ್ಜೆಂಟೀನಾದ ಟ್ಯಾಂಗೋ ಕುಣಿತದ ಹಾಡು. ಕಾರ್ಲೋಸ್ ಗಾರ್ದೆಲ್ ರಾಗ ಹಾಕಿ ಹಾಡಿದ್ದು, ಸಾಹಿತ್ಯ ಆಲ್ಫ್ರೆದೋ ಲೆ ಪೇರಾ. 1935ರ ಒಂದು ಸಿನಿಮಾದಲ್ಲಿ ಬರುತ್ತದೆ. ವರ್ಷಗಳ ಮೇಲೆ ಊರಿಗೆ ಬರುವವನಿಗೆ ದೂರದಲ್ಲಿ ಊರಿನ ದೀಪ ಕಾಣುತ್ತಿದೆ. ಹಣೆ ಸುಕ್ಕುಗಟ್ಟಿದೆ, ತಲೆ ನರೆತಿದೆ. ಇಪ್ಪತ್ತು ವರ್ಷ ಏನು ಮಹಾ ಅಂತ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಆದರೆ ಹಳೆಯದು ಎದುರಿಗೆ ಬಂದು ನಿಂತರೆ ಏನು ಗತಿ ಅಂತ ಹೆದರಿಕೆ. ಅದೇ ವರ್ಷ ಜೂನ್ 24ರಂದು ಕೊಲಂಬಿಯಾದ ಮೆದೆಯಿನ್‌ನಲ್ಲಿ ವಿಮಾನ ಅಪಘಾತವಾಗಿ ಗಾರ್ದೆಲ್, ಲೆ ಪೇರಾ ಇಬ್ಬರೂ ಹೋಗಿಬಿಟ್ಟರು. ಗಾರ್ದೆಲ್ ತಮ್ಮ ಊರಾದ ಅರ್ಜೆಂಟೀನಾದ ಬುವೆನೋಸ್ ಐರಿಸ್‌ಗೆ ತಿರುಗಿ ಬಂದದ್ದು ಶವಪೆಟ್ಟಿಗೆಯಲ್ಲಿ, 1936ರ ಫೆಬ್ರವರಿಯಲ್ಲಿ.

ನಾನು ನಿನಗೆ ನಿಜವಾಗಿ ಹೇಳಬೇಕು ಅಂದುಕೊಂಡದ್ದು ಬೇರೆ ಹಾಡು. ಬಾರ್ಸಿಲೋನಾದ ಜೋವಾನ್ ಮಾನುವೆಲ್ ಸೆರಾತ್ 1969ರಲ್ಲಿ ಹಾಡಿದ 'ಪೆನೆಲೊಪೆ'. ಒಬ್ಬ ಹೆಂಗಸು ರೈಲ್ವೆ ಸ್ಟೇಷನ್ನಿನ ಹಸಿರು ಬೆಂಚಿನ ಮೇಲೆ ಕೂತಿರುತ್ತಾಳೆ. ಕೈಯಲ್ಲಿ ಕಂದು ಬಣ್ಣದ ಚರ್ಮದ ಚೀಲ, ಹಿಮ್ಮಡಿ ಎತ್ತರದ ಚಪ್ಪಲಿ, ಭಾನುವಾರಕ್ಕೆಂದು ಎತ್ತಿಟ್ಟ ಉಡುಪು. ಮರದ ಎಲೆ ಉದುರುವುದರೊಳಗೆ ಬರ್ತೇನೆ ಅಂತ ಅವನು ಹೇಳಿ ಹೋಗಿದ್ದ. ರೈಲು ಬರುತ್ತವೆ, ಹೋಗುತ್ತವೆ. ವರ್ಷಗಳಾಗುತ್ತವೆ. ಕೊನೆಗೆ ಅವನು ನಿಜವಾಗಿಯೂ ಬರುತ್ತಾನೆ ಅಮ್ಮ! ಅದೇ ಬೆಂಚಿನಲ್ಲಿ ಅವಳು ಸಿಗುತ್ತಾಳೆ. ನೋಡು, ನಾನೇ, ಬಂದಿದ್ದೇನೆ ಅನ್ನುತ್ತಾನೆ. ಅವಳು ಅವನ ಮುಖ ನೋಡಿ ನಗುತ್ತಾಳೆ. ನಾನು ಕಾಯುತ್ತಿರುವುದು ನಿನ್ನನ್ನಲ್ಲ ಅನ್ನುತ್ತಾಳೆ. ಮತ್ತೆ ಅಲ್ಲೇ ಕೂತಿರುತ್ತಾಳೆ.

ಇದನ್ನು ಮೊದಲ ಸಲ ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ವರ್ಷದವಳಿದ್ದಾಗ ನಾನೂ ಹೀಗೇ ಮಾಡಿದ್ದೆ ಅಲ್ವಾ? ಅಪ್ಪ ಬೊಂಬಾಯಿಯ ಹೋಟೆಲಿನಿಂದ ರಜೆಗೆ ಬಂದಿದ್ದರು. ಟ್ರಂಕು ಕೆಳಗಿಟ್ಟು ಕೈ ಚಾಚಿದರು. ನಾನು ನಿನ್ನ ಸೆರಗಿನ ಹಿಂದೆ ಅಡಗಿಕೊಂಡು "ಇವರಲ್ಲ" ಅಂದೆನಂತೆ. ಗೋಡೆಯ ಮೇಲಿನ ಫೋಟೋ ತೋರಿಸಿ "ಅಪ್ಪ ಅಲ್ಲಿದ್ದಾರೆ" ಅಂದೆನಂತೆ. ಮದುವೆ, ಮುಂಜಿ ಎಲ್ಲೇ ಸೇರಿದರೂ ಈ ಕಥೆ ಹೇಳಿ ಎಲ್ಲರೂ ನಗುತ್ತಾರೆ. ಅಪ್ಪನೂ ನಗುತ್ತಾರೆ.

ಮೆಕ್ಸಿಕೋದ ಮಾನಾ ತಂಡದ್ದೂ ಒಂದು ಹಾಡಿದೆ, 1997ರದ್ದು. ಅದರಲ್ಲಿ ಸಾನ್ ಬ್ಲಾಸ್ ಊರಿನ ಬಂದರುಕಟ್ಟೆಯಲ್ಲಿ ಕಾಯುವವಳು ಯಾವಾಗಲೂ ಅದೇ ಉಡುಪು ಉಟ್ಟಿರುತ್ತಾಳೆ. ಅವನು ಬಂದರೆ ಗುರುತು ತಪ್ಪಬಾರದು ಅಂತ. ಅವಳಿಗೆ ಭಯ ಇದ್ದದ್ದು ಅವನಿಗೆ ತನ್ನ ಗುರುತು ಸಿಕ್ಕದಿದ್ದರೆ ಅಂತ. ಅವನ ಗುರುತು ತನಗೇ ಸಿಗದೇ ಹೋಗಬಹುದು ಅಂತ ಅವಳು ಯೋಚಿಸಿರಲಿಕ್ಕಿಲ್ಲ.

ನಮ್ಮ ಈ ಊರಿನಲ್ಲೇ ನಡೆಯುವ ಒಂದು ಸಿನಿಮಾ ಇದೆ, 'ವೊಲ್ವೆರ್ ಆ ಎಂಪೆಸಾರ್'. ತಿರುಗಿ ಶುರು ಮಾಡುವುದು ಅಂತ. ಹೊಸೆ ಲೂಯಿಸ್ ಗಾರ್ಸಿ 1982ರಲ್ಲಿ ಮಾಡಿದ್ದು. ಸ್ಪೇನಿಗೆ ವಿದೇಶಿ ಭಾಷೆಯ ವಿಭಾಗದಲ್ಲಿ ಮೊದಲ ಆಸ್ಕರ್ ತಂದ ಚಿತ್ರ. ಅಂತರ್ಯುದ್ಧದ ಕಾರಣಕ್ಕೆ ದೇಶ ಬಿಟ್ಟು ಅಮೆರಿಕದಲ್ಲಿ ಮೇಷ್ಟ್ರಾದ ಲೇಖಕ, ನೊಬೆಲ್ ತಗೊಂಡು ಸೀದಾ ಇಲ್ಲಿಗೆ ಬರುತ್ತಾನೆ. ಹುಡುಗನಾಗಿದ್ದಾಗ ಪ್ರೀತಿಸಿದ ಎಲೇನಾಳನ್ನು ಹುಡುಕುತ್ತಾನೆ. ತನಗೆ ಹೆಚ್ಚು ದಿನ ಇಲ್ಲ ಅಂತ ಅವನಿಗೆ ಗೊತ್ತು. ಇಬ್ಬರಿಗೂ ತಲೆ ನರೆತಿದೆ. ಹಳೆಯ ಹಾಡಿಗೆ ಕುಣಿಯುತ್ತಾರೆ. ಕೆಲವರಿಗೆ ಇದು ತೀರಾ ಮೆದು ಅನಿಸುತ್ತದೆ. ನನಗೆ ಇದರ ಮೇಲೆ ತುಂಬಾ ಪ್ರೀತಿ. ಇಲ್ಲಿ ಯಾರೂ ಹಳೆಯ ಮುಖಕ್ಕೆ ಪಟ್ಟು ಹಿಡಿಯುವುದಿಲ್ಲ. ಎದುರಿಗೆ ಇರುವ ಮುಖವನ್ನು ನೋಡುತ್ತಾರೆ.

ಆ ಸಿನಿಮಾ ನೋಡಿದ್ದು ನಮ್ಮ ಮನೆ ಮಾಲಕಿಯ ಜೊತೆ. ಅವರಿಗೆ ಎಂಬತ್ತು ದಾಟಿದೆ. ಗಂಡ ಬೆಲ್ಜಿಯಂನ ಕಲ್ಲಿದ್ದಲು ಗಣಿಗೆ ಹೋಗಿ ಮೂರು ವರ್ಷ ಬಿಟ್ಟು ಬಂದಿದ್ದರಂತೆ. ಎದುರಿಗೆ ಕೂರಲು ನಾಚಿಕೆಯಾಗಿ, ನೆಂಟರಿಗೆ ಇಡುವ ಒಳ್ಳೆಯ ಕಪ್ಪಿನಲ್ಲಿ ಗಂಡನಿಗೆ ಕಾಫಿ ಕೊಟ್ಟರಂತೆ. ಅವರು ಆ ಕಪ್ಪು ನೋಡಿ ಏನೂ ಮಾತಾಡಲಿಲ್ಲವಂತೆ. ಮಾರನೇ ಬೆಳಗ್ಗೆ ತಾವೇ ಅಡುಗೆಮನೆಗೆ ಬಂದು, ದಿನಾ ಬಳಸುವ ಲೋಟ ಹುಡುಕಿ ತೆಗೆದುಕೊಂಡರಂತೆ. ಇದನ್ನು ಹೇಳುವಾಗ ಆ ಅಜ್ಜಿಯ ಕಣ್ಣು ತುಂಬಿತ್ತು.

ಡಿಸೆಂಬರ್ 20ಕ್ಕೆ ಟಿಕೆಟ್ ಆಗಿದೆ. ಕುಂದಾಪುರಕ್ಕೆ ಬರುವಾಗ 22 ಆಗಬಹುದು. ಮೂರು ವರ್ಷ ಆಯಿತಲ್ಲ. ಕೂದಲು ಗಿಡ್ಡ ಮಾಡಿಸಿದ್ದೇನೆ, ಕನ್ನಡಕ ಬಂದಿದೆ. ಅಜ್ಜಿಗೆ ಮೊದಲೇ ಹೇಳಿಡು.

ಅಪ್ಪನನ್ನು ಒಂದು ಮಾತು ಕೇಳು. ನಾನು ಸೆರಗಿನ ಹಿಂದೆ ಅಡಗಿಕೊಂಡು "ಇವರಲ್ಲ" ಅಂದ ಆ ದಿನ ರಾತ್ರಿ ಅವರು ನಿನ್ನ ಹತ್ತಿರ ಏನು ಹೇಳಿದರು? ನಾನು ಇವತ್ತಿನವರೆಗೂ ಕೇಳಿಲ್ಲ. ಹೇಳಲು ಅವರಿಗೆ ಮನಸ್ಸಿದ್ದರೆ, ಬಂದಾಗ ನನಗೇ ಹೇಳಲಿ.

ನಿನ್ನ,
ಪುಟ್ಟಿ